ಶೇ 60, 70, 80: ಯೋಜನಾ ವರದಿಯ ಒಂದು ಕೋಷ್ಟಕ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಒಬ್ಬರೇ ನಿಂತು ಸಣ್ಣ ಉದ್ದಿಮೆ ಶುರು ಮಾಡಲು ಹೊರಟವರಿಗೆ ಮೊದಲು ಸಿಗುವ ಸಲಹೆ ‘ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿ’ ಎಂಬುದೇ. ಬ್ಯಾಂಕಿನವರು ಹೇಳುತ್ತಾರೆ, ಜಿಲ್ಲಾ ಕೈಗಾರಿಕಾ ಕೇಂದ್ರದವರು ಹೇಳುತ್ತಾರೆ, ತರಬೇತಿ ಕೊಡುವವರಂತೂ ಉದ್ದಿಮೆಯ ಅರ್ಧ ಗೆಲುವು ಅದರಲ್ಲೇ ಇದೆ ಎನ್ನುತ್ತಾರೆ. ಈ ಬರಹ ಪ್ರಕಾರಕ್ಕೆ ನಮ್ಮಲ್ಲಿ ಸಿಕ್ಕಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ಹೆಚ್ಚಿನದು ಎಂಬುದು ನನ್ನ ತೀರ್ಮಾನ. ಹಾಗೆಂದು, ಯೋಜನೆ ಬರೆಯುವುದೇ ದಂಡ ಎನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಅವರ ಜೊತೆಗಿನ ಜಗಳ ಮುಂದೆ ಬರುತ್ತದೆ.

ಹಿನ್ನೆಲೆ ಓದುಗರಿಗೆ ಗೊತ್ತಿರುವುದೇ. 2008ರಲ್ಲಿ ಶುರುವಾದ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮಕ್ಕೆ ಅರ್ಜಿ ಹಾಕಲು ಯೋಜನಾ ವರದಿ ಬೇಕು. ವರ್ಗ ಮತ್ತು ಊರನ್ನು ನೋಡಿ ಶೇ 15ರಿಂದ 35ರವರೆಗೆ ಸಹಾಯಧನ ಸಿಗುತ್ತದೆ. ಆ ಹಣ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ನಿಂತು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. 2015ರಲ್ಲಿ ಬಂದ ಮುದ್ರಾ ಸಾಲದಲ್ಲೂ ಮೊತ್ತ ದೊಡ್ಡದಾದಷ್ಟು ಕಾಗದ ದಪ್ಪವಾಗುತ್ತದೆ. ವರದಿ ತಯಾರಾಗುವುದು ಹೆಚ್ಚಾಗಿ ಆಡಿಟರ್ ಕಚೇರಿಯಲ್ಲೋ ತಾಲ್ಲೂಕು ಕಚೇರಿ ಬಳಿಯ ಕಂಪ್ಯೂಟರ್ ಸೆಂಟರಿನಲ್ಲೋ. ಭಾಷೆ ಇಂಗ್ಲಿಷ್. ಉದ್ದಿಮೆದಾರರು ಪ್ರತಿ ಪುಟದ ಕೆಳಗೆ ಸಹಿ ಹಾಕುತ್ತಾರೆ.

ಈ ವರದಿಗಳ ಹೃದಯದಂತಿರುವ ಒಂದು ಕೋಷ್ಟಕವನ್ನು ನಿಧಾನವಾಗಿ ಓದಬೇಕು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮಾದರಿ ವರದಿಗಳಲ್ಲಿ ಇದು ಇದೆ, ಅವನ್ನು ನೋಡಿ ತಯಾರಿಸಿದ ಅಸಂಖ್ಯ ವರದಿಗಳಲ್ಲೂ ಇದೆ. ಎಡಬದಿಗೆ ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಮಾರಾಟ, ಉಳಿತಾಯ. ಮೇಲುಸಾಲಿನಲ್ಲಿ ಸಾಮರ್ಥ್ಯದ ಬಳಕೆ: ಶೇ 100, 60, 70, 80. ಪೂರ್ಣ ಸಾಮರ್ಥ್ಯದ ಲೆಕ್ಕ ಒಂದು ಕಡೆ. ಮೊದಲ ವರ್ಷ ಅದರ ಶೇ 60, ಎರಡನೆಯ ವರ್ಷ 70, ಮೂರನೆಯ ವರ್ಷ 80. ನೋಡಿದವರಿಗೆ ಬಹಳ ಸಂಯಮದ ಅಂದಾಜು ಅನ್ನಿಸುತ್ತದೆ. ನೂರಕ್ಕೆ ನೂರು ಆಗುತ್ತದೆಂದು ಯಾರೂ ಹೇಳಿಲ್ಲವಲ್ಲ ಎಂಬ ಸಮಾಧಾನವೂ ಆಗುತ್ತದೆ.

ಆದರೆ ಒಂದೊಂದೇ ಸಾಲು ಓದಿದಾಗ ವಿಚಿತ್ರವೊಂದು ಕಾಣುತ್ತದೆ. ಹಲವು ವರದಿಗಳಲ್ಲಿ ಸ್ಥಿರ ವೆಚ್ಚವೂ ಶೇ 60ಕ್ಕೆ ಇಳಿದಿರುತ್ತದೆ. ಅರ್ಥವಾಗಲೆಂದು ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಪೂರ್ಣ ಸಾಮರ್ಥ್ಯದಲ್ಲಿ ಮಾರಾಟ 10 ಲಕ್ಷ, ಬದಲಾಗುವ ವೆಚ್ಚ 5 ಲಕ್ಷ, ಸ್ಥಿರ ವೆಚ್ಚ 3 ಲಕ್ಷ, ಉಳಿತಾಯ 2 ಲಕ್ಷ ಎಂದಿಟ್ಟುಕೊಳ್ಳಿ. ಕೋಷ್ಟಕದ ಪ್ರಕಾರ ಮೊದಲ ವರ್ಷ ಎಲ್ಲವೂ ಶೇ 60: ಮಾರಾಟ 6 ಲಕ್ಷ, ಬದಲಾಗುವ ವೆಚ್ಚ 3 ಲಕ್ಷ, ಸ್ಥಿರ ವೆಚ್ಚ 1.8 ಲಕ್ಷ, ಉಳಿತಾಯ 1.2 ಲಕ್ಷ. ಸ್ಥಿರ ವೆಚ್ಚ ಎಂದರೆ ಬಾಡಿಗೆ, ಬಡ್ಡಿ, ವಿಮೆ, ಕರೆಂಟಿನ ಕನಿಷ್ಠ ಶುಲ್ಕ. ಕೆಲಸ ಕಡಿಮೆಯಾಯಿತೆಂದು ಮಳಿಗೆಯ ಮಾಲೀಕರು ಬಾಡಿಗೆ ಇಳಿಸುವುದಿಲ್ಲ, ಬ್ಯಾಂಕು ಬಡ್ಡಿ ಬಿಡುವುದಿಲ್ಲ. ಆ 3 ಲಕ್ಷವನ್ನು 3 ಲಕ್ಷವಾಗಿಯೇ ಉಳಿಸಿ ಲೆಕ್ಕ ಹಾಕಿದರೆ ಮೊದಲ ವರ್ಷದ ಉಳಿತಾಯ ಸೊನ್ನೆ. ಎರಡನೆಯ ವರ್ಷ ಕೋಷ್ಟಕ ತೋರಿಸುವ 1.4 ಲಕ್ಷದ ಜಾಗದಲ್ಲಿ 50 ಸಾವಿರ. ಮೂರನೆಯ ವರ್ಷ 1.6 ಲಕ್ಷದ ಜಾಗದಲ್ಲಿ 1 ಲಕ್ಷ. ಸಾಲದ ಅಸಲು ಕಂತು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮನೆಖರ್ಚು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ವರದಿಯ ಯಾವ ಪುಟದಲ್ಲೂ ಇಲ್ಲ.

ಇದನ್ನು ಟೈಪಿಂಗ್ ತಪ್ಪೆಂದು ತಳ್ಳಿಹಾಕಲು ಬರುವುದಿಲ್ಲ. ಉದ್ದಿಮೆ ನಡೆಸುವವರು ಒಮ್ಮೆ ಓದಿದ್ದರೂ ಹಿಡಿಯಬಹುದಾಗಿದ್ದ ದೋಷ ಇದು. ತಿಂಗಳ ಬಾಡಿಗೆ ಕಟ್ಟುವ ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. ಅದು ಹಾಗೇ ಉಳಿದಿರುವುದಕ್ಕೆ ಕಾರಣ, ವರದಿಯನ್ನು ಓದಬೇಕಾದವರು ಓದದೇ ಇರುವುದು. ಬರೆದವರಿಗೆ ಸಾಲ ಮಂಜೂರಾದರೆ ಸಾಕು. ಅದನ್ನು ಪಡೆದ ಬ್ಯಾಂಕಿನವರು ಸಾಲ ತೀರಿಸುವ ಅನುಪಾತವನ್ನಷ್ಟೇ ನೋಡುತ್ತಾರೆ. ಬದುಕು ಅದರ ಮೇಲೆ ನಿಂತಿರುವವರು ಸಹಿ ಹಾಕಿ ಮನೆಗೆ ಹೋಗಿದ್ದಾರೆ.

ಕೋಷ್ಟಕದ ಇನ್ನೊಂದು ಆಧಾರ ಇನ್ನೂ ಆಳದ ಸಮಸ್ಯೆ. ಸಾಮರ್ಥ್ಯ ಅಂದರೆ ಯಾರ ಸಾಮರ್ಥ್ಯ? ವರ್ಷಕ್ಕೆ 300 ದಿನ, ದಿನಕ್ಕೆ ಒಂದು ಪಾಳಿ, ಎಂಟು ಗಂಟೆ ಎಂದು ವರದಿಯ ಆರಂಭದಲ್ಲೇ ಬರೆದಿರುತ್ತಾರೆ. ಅದು ಯಂತ್ರದ ದಿನಚರಿ. ಚನ್ನಪಟ್ಟಣದಲ್ಲಿ ಮನೆಯ ಮುಂಭಾಗದಲ್ಲಿ ಒಂದು ಲೇತ್ ಇಟ್ಟುಕೊಂಡು ಬೊಂಬೆ ಮಾಡುವ ಒಬ್ಬ ಹೆಣ್ಣುಮಗಳ ದಿನಚರಿ ಬೇರೆ. ಆಲೆಮರದ ತುಂಡುಗಳನ್ನು ತಂದು ಒಣಗಲು ಬಿಡಬೇಕು. ಬಣ್ಣ ಬೆರೆಸಿ ಅರಗಿನ ಕಡ್ಡಿ ಮಾಡಿಕೊಳ್ಳಬೇಕು. ಲೇತಿನಲ್ಲಿ ತಿರುಗುತ್ತಿರುವ ಮರಕ್ಕೆ ಕಡ್ಡಿ ಒತ್ತಿದಾಗ ಆ ಬಿಸಿಗೆ ಅರಗು ಕರಗಿ ಹತ್ತುತ್ತದೆ. ಕೂಡಲೇ ತಾಳೆಗರಿ ಹಿಡಿದು ಹೊಳಪು ತರಬೇಕು. ಈ ಹೊತ್ತಿನಲ್ಲಿ ಆಕೆಗೆ ಫೋನು ಎತ್ತಲೂ ಆಗುವುದಿಲ್ಲ. ಆರ್ಡರ್ ಕೇಳುವುದು, ಮರಕ್ಕೆ ಅಲೆಯುವುದು, ಮಾಲು ಕಟ್ಟಿ ಬೆಂಗಳೂರಿಗೆ ಒಯ್ಯುವುದು, ಬಾಕಿ ವಸೂಲು ಮಾಡುವುದು, ಬ್ಯಾಂಕು, ಲೆಕ್ಕಪತ್ರ, ಎಲ್ಲಕ್ಕೂ ಆಕೆಯೇ ಹೋಗಬೇಕು, ಹೋದಾಗಲೆಲ್ಲ ಲೇತ್ ನಿಲ್ಲುತ್ತದೆ. ವಾರಕ್ಕೆ ಆರು ದಿನ ಕೆಲಸ ಎಂದುಕೊಂಡರೂ, ಅದರಲ್ಲಿ ಎರಡು ದಿನ ಹೀಗೆ ಹೊರಗಿನ ಓಡಾಟಕ್ಕೆ ಹೋದರೆ 300ರಲ್ಲಿ 100 ದಿನ ಕಳೆಯಿತು. ಉಳಿದದ್ದು 200. ಅಂದರೆ ಒಬ್ಬಳೇ ದುಡಿಯುವ ಆಕೆಯ ನೂರಕ್ಕೆ ನೂರು, ಯಂತ್ರದ ಶೇ 66 ಮಾತ್ರ.

ಈಗ ಕೋಷ್ಟಕಕ್ಕೆ ಹಿಂತಿರುಗಿ. ಎರಡನೆಯ ವರ್ಷದ ಶೇ 70 ಆಕೆಯ ಕೈಗೆ ಎಟುಕದು. ಮೂರನೆಯ ವರ್ಷದ 80ರ ಮಾತೇ ಬೇಡ. ಎಟುಕಿಸಬೇಕಾದರೆ ಇನ್ನೊಬ್ಬರನ್ನು ಕೂಲಿಗೆ ಇಟ್ಟುಕೊಳ್ಳಬೇಕು, ಆಗ ವೆಚ್ಚದ ಸಾಲುಗಳೆಲ್ಲ ಬದಲಾಗುತ್ತವೆ. ಒಬ್ಬಳೇ ನಡೆಸಿದರೆ, ಮೇಲಿನ ದುಂಡು ಅಂಕಿಗಳಲ್ಲೇ, ಶೇ 66ರಲ್ಲಿ ವರ್ಷಕ್ಕೆ ಉಳಿಯುವುದು 30 ಸಾವಿರದ ಆಸುಪಾಸು. ಮೂರು ವರ್ಷದ ಏರುದಾರಿ ಎಂದು ವರದಿ ತೋರಿಸಿದ್ದು ಮೊದಲ ಮೆಟ್ಟಿಲ ಬಳಿಯೇ ನಿಂತುಹೋಗುತ್ತದೆ. ಆಕೆ ಸೋಮಾರಿಯಲ್ಲ, ಕೌಶಲವೂ ಕಡಿಮೆಯಿಲ್ಲ. ವರದಿ ಆಕೆಯ ದಿನಗಳನ್ನು ಎಣಿಸಲೇ ಇಲ್ಲ, ಅಷ್ಟೇ. ಮಾಗಡಿ ಕಡೆಯ ಹಳ್ಳಿಯಲ್ಲಿ ಒಬ್ಬರೇ ನಡೆಸುವ ಹಿಟ್ಟಿನ ಗಿರಣಿಗೂ ಇದೇ ಮಾತು ಸಲ್ಲುತ್ತದೆ: ರಾಗಿ ಒಕ್ಕಣೆಯ ನಂತರದ ದಿನಗಳೂ ಮಳೆಗಾಲದ ದಿನಗಳೂ ಒಂದೇ ಅಲ್ಲ, ಕೋಷ್ಟಕಕ್ಕೆ ಮಾತ್ರ ಎಲ್ಲ ದಿನವೂ ಒಂದೇ.

ರೇಷ್ಮೆಯ ಕಡೆ ತಿರುಗಿದರೆ ದೋಷ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಒಂದೇ ದಿನ, ಒಂದೇ ಛಾವಣಿಯ ಕೆಳಗೆ, ಲಾಟಿನಿಂದ ಲಾಟಿಗೆ ದರ ಬೇರೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲ್ಲಾಡಿಸಿ ನೋಡಿ ಹರಾಜಿನಲ್ಲಿ ದರ ಹೇಳುತ್ತಾರೆ. ಕೊಂಡ ಗೂಡನ್ನು ಚಿಟ್ಟೆ ಹೊರಬರುವ ಮೊದಲು ಉಗಿಗೆ ಹಾಕಲೇಬೇಕು. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಎಂಬ ರೆಂಡಿಟ್ಟದ ಮೇಲೆಯೇ ಲಾಭ ನಷ್ಟ ನಿಂತಿದೆ. ಗೂಡು ಕೆ.ಜಿ.ಗೆ 500 ರೂಪಾಯಿ ಎಂದಿಟ್ಟುಕೊಂಡರೆ, ರೆಂಡಿಟ್ಟ 7ರಿಂದ 7.5ಕ್ಕೆ ಹೋದ ಕೂಡಲೇ ಪ್ರತಿ ಕೆ.ಜಿ. ನೂಲಿನ ಖರ್ಚು 250 ರೂಪಾಯಿ ಏರಿತು. ಗೂಡಿನ ದರ ಹತ್ತೇ ರೂಪಾಯಿ ಏರಿದರೂ ನೂಲಿಗೆ 70 ರೂಪಾಯಿ. ವರದಿ ಮಾತ್ರ ಗೂಡಿಗೆ ಒಂದು ದರ, ನೂಲಿಗೆ ಒಂದು ದರ ಬರೆದು ಐದು ವರ್ಷ ಎಳೆದುಕೊಂಡು ಹೋಗುತ್ತದೆ.

ದುಡಿಯುವ ಬಂಡವಾಳದ ಲೆಕ್ಕವೂ ಅಂಥದ್ದೇ. ರಿಸರ್ವ್ ಬ್ಯಾಂಕ್ ನೇಮಿಸಿದ್ದ ಪಿ.ಆರ್. ನಾಯಕ್ ಸಮಿತಿ 1992ರಲ್ಲಿ ಒಂದು ಸರಳ ಸೂತ್ರ ಕೊಟ್ಟಿತು: ಅಂದಾಜು ವಾರ್ಷಿಕ ವಹಿವಾಟಿನ ಶೇ 25 ದುಡಿಯುವ ಬಂಡವಾಳ, ಅದರಲ್ಲಿ ವಹಿವಾಟಿನ ಶೇ 20 ಬ್ಯಾಂಕಿನದು, ಶೇ 5 ಉದ್ದಿಮೆದಾರರದು. ಸಣ್ಣವರಿಗೆ ಸಾಲ ಸಿಗಲೆಂದೇ ಮಾಡಿದ ಒಳ್ಳೆಯ ಸೂತ್ರ ಅದು. ಹಾಕಿದ ಹಣ ಸುಮಾರು ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ ಎಂಬುದು ಅದರ ಊಹೆ. ರೀಲರ್‌ಗಳ ಹಣ ದಿನಗಳಲ್ಲಿ ತಿರುಗುತ್ತದೆ, ಆದರೆ ಹರಾಜಿನ ದಿನ ಪೂರಾ ಹಣ ಬೇಕು. ಬೊಂಬೆ ಮಾಡುವವರ ಹಣ ಮೊದಲು ಒಣಗುವ ಮರದಲ್ಲಿ, ಆಮೇಲೆ ಅಂಗಡಿಯವರ ಬಾಕಿಯಲ್ಲಿ ಸಿಕ್ಕಿಬೀಳುತ್ತದೆ. 45 ದಿನದೊಳಗೆ ಪಾವತಿ ಆಗಬೇಕೆಂದು ಸಣ್ಣ ಉದ್ದಿಮೆಗಳಿಗಾಗಿ ಮಾಡಿದ 2006ರ ಕಾನೂನು ಹೇಳಿದರೂ, ಮುಂದಿನ ಆರ್ಡರ್ ಬೇಕಾದವರು ಕಾನೂನಿನ ಮಾತು ಎತ್ತುವುದು ಕಷ್ಟ. ಸರಾಸರಿ ಸೂತ್ರ ಇಬ್ಬರಿಗೂ ಹೊಂದುವುದಿಲ್ಲ.

ಈ ಬರಹ ಪ್ರಕಾರಕ್ಕೆ ಸಲ್ಲಬೇಕಾದ್ದನ್ನೂ ಸಲ್ಲಿಸೋಣ. ಯೋಜನಾ ವರದಿ ಇಲ್ಲದಿದ್ದರೆ ಸಹಾಯಧನವಿಲ್ಲ, ಬ್ಯಾಂಕಿನ ಬಡ್ಡಿದರದ ಸಾಲವಿಲ್ಲ. ಕೈಸಾಲದ ಬಡ್ಡಿಯೇ ಗತಿ. ಯಂತ್ರದ ಕೊಟೇಶನ್, ಪರವಾನಗಿ, ವಿಮೆ ಎಲ್ಲ ಒಂದು ಕಡೆ ಸೇರುವುದೂ ಉಪಯೋಗವೇ. ಇಷ್ಟು ಹೇಳಿದ ಮೇಲೂ ನನ್ನ ತೀರ್ಮಾನ ಬದಲಾಗುವುದಿಲ್ಲ. ಸಾಲದ ಅರ್ಜಿಗೆ ಲಗತ್ತಿಸುವ ಕಾಗದವನ್ನು ಉದ್ದಿಮೆಯ ಯೋಜನೆ ಎಂದು ನಂಬಿಸಿದ್ದೇ ದೊಡ್ಡ ತಪ್ಪು.

ಇನ್ನು ಎದುರು ಪಕ್ಷ. ಇಂಥ ವರದಿಗಳನ್ನು ನೋಡಿ ಬೇಸತ್ತವರಲ್ಲಿ ಕೆಲವರು, ಯೋಜನೆ ಬರೆಯುವುದನ್ನೇ ಬಿಡಿ, ಉದ್ದಿಮೆದಾರರು ಕೈಯಲ್ಲಿರುವುದನ್ನು ಹಿಡಿದು ಮುಂದೆ ನುಗ್ಗುತ್ತಾರೆ ಎನ್ನುತ್ತಾರೆ. ಅಮೆರಿಕದಲ್ಲಿ ವೇಗವಾಗಿ ಬೆಳೆದ ಕಂಪನಿಗಳ ಸ್ಥಾಪಕರಲ್ಲಿ ಬಹುಮಂದಿ ವಿಧಿವತ್ತಾದ ಯೋಜನೆ ಬರೆದಿರಲಿಲ್ಲ ಎಂದು ತೋರಿಸಿದ ಅಮರ್ ಭಿಡೆ ಅವರ 2000ರ ಪುಸ್ತಕ ಅವರಿಗೆ ಆಧಾರ. ಅದಕ್ಕಿಂತ ಹೆಚ್ಚು ಉಲ್ಲೇಖಗೊಳ್ಳುವುದು ಸರಸ್ ಸರಸ್ವತಿ ಅವರ 2001ರ ಪ್ರಬಂಧ. ಅನುಭವಿ ಉದ್ದಿಮೆದಾರರು ಗುರಿ ಇಟ್ಟು ಲೆಕ್ಕ ಹಾಕುವುದಿಲ್ಲ, ಎಷ್ಟು ಕಳೆದುಕೊಂಡರೆ ತಾಳಿಕೊಳ್ಳಬಲ್ಲೆ ಎಂದು ನೋಡಿ ಹೆಜ್ಜೆ ಇಡುತ್ತಾರೆ ಎಂಬುದು ಅದರ ಸಾರ.

ಸರಸ್ವತಿ ಅವರ ಅಧ್ಯಯನದ ಬಗ್ಗೆ ನನಗೆ ಗೌರವವಿದೆ. ಅದನ್ನು ನಮ್ಮೂರಿಗೆ ಹಾಗೇ ಎತ್ತಿ ತರುವವರ ಬಗ್ಗೆ ಇಲ್ಲ. ಅವರು ಮಾತಾಡಿಸಿದ 27 ಮಂದಿ ಕಟ್ಟಿದ ಕಂಪನಿಗಳಲ್ಲಿ ಚಿಕ್ಕದೇ 20 ಕೋಟಿ ಡಾಲರಿನದು. ಅಂಥವರಿಗೆ ಒಂದು ಹೆಜ್ಜೆ ತಪ್ಪಿದರೆ ಇನ್ನೊಂದು ಇಡಲು ನೆಲವಿರುತ್ತದೆ. ಹೆಂಡತಿಯ ಒಡವೆ ಅಡವಿಟ್ಟು ಗೂಡು ಕೊಳ್ಳುವ ರೀಲರಿಗೆ ಆ ನೆಲ ಎಲ್ಲಿದೆ? ಅದಕ್ಕಿಂತ ಮುಖ್ಯವಾದದ್ದು, ಎಷ್ಟು ಕಳೆದುಕೊಂಡರೆ ತಾಳಬಲ್ಲೆ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರವಿಲ್ಲ. ಮನೆಖರ್ಚು, ಮಕ್ಕಳ ಫೀಸು, ಕಂತು, ಕೈಯಲ್ಲಿರುವ ಮಾಲು, ಬರಬೇಕಾದ ಬಾಕಿ, ಇವನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸಿದಾಗಲೇ ಆ ಅಂಕಿ ಹೊರಬರುವುದು. ಯೋಜನೆ ಬೇಡ ಎಂದವರ ಪ್ರಮುಖ ತತ್ವವೇ ಬರೆದ ಯೋಜನೆಯನ್ನು ಬೇಡುತ್ತದೆ. ನಮ್ಮವರಿಗೆ ಎಲ್ಲ ತಲೆಯಲ್ಲೇ ಇರುತ್ತದೆ, ಬರೆಯುವುದು ಯಾಕೆ ಎಂದು ಮೆಚ್ಚುಗೆಯಿಂದ ಹೇಳುವವರು ಸಣ್ಣ ಉದ್ದಿಮೆದಾರರಿಗೆ ಉಪಕಾರ ಮಾಡುತ್ತಿಲ್ಲ. ತಲೆಯಲ್ಲಿರುವ ಲೆಕ್ಕ ಒಳ್ಳೆಯ ವಾರಗಳನ್ನು ನೆನಪಿಡುತ್ತದೆ, ಕೆಟ್ಟ ವಾರಗಳನ್ನು ಮರೆಯುತ್ತದೆ.

ತರಬೇತಿಗಳಲ್ಲಿ ಈಗ ಜನಪ್ರಿಯವಾಗಿರುವ ಒಂಬತ್ತು ಮನೆಗಳ ‘ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್’ ಕೂಡ ನನ್ನನ್ನು ಒಪ್ಪಿಸಿಲ್ಲ. ಅಲೆಕ್ಸಾಂಡರ್ ಆಸ್ಟರ್‌ವಾಲ್ಡರ್ ಅವರ 2010ರ ಪುಸ್ತಕದಿಂದ ಹರಡಿದ ಅದು ಗ್ರಾಹಕರು, ಮೌಲ್ಯ, ವೆಚ್ಚ, ಆದಾಯ ಎಲ್ಲಕ್ಕೂ ಜಾಗ ಕೊಟ್ಟಿದೆ; ಕ್ಯಾಲೆಂಡರಿಗೆ ಕೊಟ್ಟಿಲ್ಲ. ಒಬ್ಬರೇ ನಡೆಸುವ ಉದ್ದಿಮೆಯಲ್ಲಿ ಮೊದಲು ಮುಗಿದುಹೋಗುವುದು ದಿನ. ಅದನ್ನು ತೋರಿಸದ ಯಾವ ಚಿತ್ರವೂ ಅಪೂರ್ಣ.

ಹಾಗಾದರೆ ಒಳ್ಳೆಯ ಯೋಜನೆಯ ಮಾದರಿ ಎಲ್ಲಿದೆ? ನನ್ನ ಉತ್ತರ: ವಿಮರ್ಶಕರು ಯಾರೂ ಓದದ, ರೀಲರ್‌ಗಳ ಮನೆಯ ನೋಟ್‌ಬುಕ್ಕಿನಲ್ಲಿ. ತಾರೀಕು, ಲಾಟು, ತೂಕ, ದರ, ಬಂದ ನೂಲು, ಮಾರಿದ ಜೂಟು (ರೇಷ್ಮೆಯ ತ್ಯಾಜ್ಯ), ಕೂಲಿ, ಸೌದೆ. ಇದರಲ್ಲಿ ಸುಳ್ಳು ಅಂಕಿಗೆ ಜಾಗವಿಲ್ಲ, ಯಾಕೆಂದರೆ ಬರೆದವರೇ ಓದುಗರು. ಇದಕ್ಕಿರುವ ಕೊರತೆ ಒಂದೇ, ಅದು ಹಿಂದಿನದನ್ನು ಮಾತ್ರ ಹೇಳುತ್ತದೆ. ಅದೇ ಕೈಬರಹದಲ್ಲಿ, ಅದೇ ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ, ಮುಂದಿನ ಐವತ್ತೆರಡು ವಾರಗಳಿಗೆ ನಾಲ್ಕು ಸಂಗತಿ ಸೇರಿಸಿದರೆ ಅದು ಯೋಜನೆಯಾಗುತ್ತದೆ: ವಾರದಲ್ಲಿ ತಯಾರಿಕೆಗೆ ನಿಜಕ್ಕೂ ಸಿಗುವ ದಿನಗಳು, ಕೆಲಸ ಇದ್ದರೂ ಇಲ್ಲದಿದ್ದರೂ ಕಟ್ಟಬೇಕಾದ ಹಣ, ತಮ್ಮದೇ ಕೂಲಿ, ಮತ್ತು ತಾವು ಕಂಡ ಅತಿ ಕೆಟ್ಟ ದರದಲ್ಲಿ ಎಷ್ಟು ವಾರ ತಡೆಯಬಹುದು ಎಂಬ ಲೆಕ್ಕ.

1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಶುರುವಾದಾಗಿನಿಂದ ಸ್ವಂತ ಉದ್ಯೋಗದ ತರಬೇತಿಗೆ ಕರ್ನಾಟಕವೇ ದಾರಿ ತೋರಿಸಿದೆ. ಇಂದು ಅದೇ ಮಾದರಿಯ ಸಂಸ್ಥೆಗಳು ದೇಶದ ಜಿಲ್ಲೆ ಜಿಲ್ಲೆಯಲ್ಲಿವೆ. ಅಲ್ಲಿನ ಕೊನೆಯ ಪಾಠ ಈ ನಾಲ್ಕು ಸಂಗತಿಗಳ ಒಂದು ಹಾಳೆಯಾಗಲಿ. ಬ್ಯಾಂಕು ತನಗೆ ಬೇಕಾದ ವರದಿಯನ್ನು ಕೇಳಲಿ, ಆದರೆ ಅದರ ಜೊತೆಗೆ ಅರ್ಜಿದಾರರು ಸ್ವಂತ ಕೈಯಲ್ಲಿ ಬರೆದ ಈ ಹಾಳೆಯನ್ನೂ ಕೇಳಲಿ, ಎರಡರ ಅಂಕಿ ತಾಳೆಯಾಗದಿದ್ದರೆ ಸಾಲದ ಮೊತ್ತವನ್ನೋ ಕಂತಿನ ಅವಧಿಯನ್ನೋ ಬದಲಿಸಲಿ. ಮೊದಲ ವರ್ಷದ ಉಳಿತಾಯ ಸೊನ್ನೆ ಎಂದು ಸಾಲ ಪಡೆಯುವ ಮೊದಲೇ ತಿಳಿದವರು ಚಿಕ್ಕ ಯಂತ್ರ ಕೊಳ್ಳಬಹುದು, ಬಾಡಿಗೆ ಮಳಿಗೆ ಬಿಟ್ಟು ಮನೆಯಲ್ಲೇ ಶುರು ಮಾಡಬಹುದು, ಒಂದು ವರ್ಷ ತಡೆಯಲೂಬಹುದು. ಕಂತು ಶುರುವಾದ ಮೇಲೆ ತಿಳಿದವರಿಗೆ ಇವು ಯಾವುವೂ ಉಳಿದಿರುವುದಿಲ್ಲ.