ಮನೆಯೊಳಗಣ ಜಿನಾಲಯ: ಒಂದು ವಿಮರ್ಶೆ

ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆಯು ಮೊದಲನೆಯದು. ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನಗಳು ಅನಂತರ ಬರುತ್ತವೆ. ಇವು ನಿತ್ಯಕರ್ಮಗಳಾದುದರಿಂದ, ಬಸದಿಗೆ ದೂರವಾಗಿ ನೆಲೆಸಿದ ಕುಟುಂಬಗಳು ಮನೆಯಲ್ಲಿಯೇ ಒಂದು ಪವಿತ್ರ ಸ್ಥಳವನ್ನು ಬಯಸುವುದು ಸಹಜವೂ ಯೋಗ್ಯವೂ ಆಗಿದೆ. ಆದರೆ ಇತ್ತೀಚೆಗೆ ನಗರಗಳಲ್ಲಿ ಕಟ್ಟಲಾಗುತ್ತಿರುವ ಅನೇಕ ದೇವರ ಕೋಣೆಗಳನ್ನು ನೋಡಿದರೆ, ಅಮೃತಶಿಲೆಯ ಮಂಟಪ, ಬೆಳ್ಳಿಯ ಬಾಗಿಲು, ವಿದ್ಯುದ್ದೀಪಗಳ ಪ್ರಭಾವಳಿ ಇವೆಲ್ಲ ಎದ್ದು ಕಾಣುತ್ತವೆ. ಒಬ್ಬ ಮನುಷ್ಯನು ನೆಮ್ಮದಿಯಿಂದ ಕುಳಿತುಕೊಳ್ಳುವಷ್ಟು ಜಾಗ ಮಾತ್ರ ಕಾಣುವುದಿಲ್ಲ. ಇದು ಶ್ರದ್ಧೆಯ ಬೆಳವಣಿಗೆಯೋ ಪರಿಗ್ರಹದ ಇನ್ನೊಂದು ರೂಪವೋ ಎಂಬುದನ್ನು ವಿಚಾರಿಸಬೇಕಾಗಿದೆ.

ಈ ವಿಚಾರಕ್ಕೆ ಬೇಕಾದ ಅಳತೆಗೋಲು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೇ ಇದೆ. ಸಾಮಾಯಿಕಕ್ಕೆ ತಕ್ಕ ಸ್ಥಳವನ್ನು ಹೇಳುವಾಗ ಆಚಾರ್ಯರು ಕೇಳುವುದು ಎರಡೇ ಗುಣಗಳನ್ನು: ಅದು ಏಕಾಂತವಾಗಿರಬೇಕು, ಅಲ್ಲಿ ಚಿತ್ತಕ್ಕೆ ವಿಕ್ಷೇಪವಿರಬಾರದು. ಅಂಥ ಸ್ಥಳವು ವನವಾಗಬಹುದು, ಮನೆಯಾಗಬಹುದು, ಚೈತ್ಯಾಲಯವಾಗಬಹುದು. ಮೂರನ್ನೂ ಅವರು ಒಂದೇ ಸಾಲಿನಲ್ಲಿ ನಿಲ್ಲಿಸಿರುವುದು ಗಮನಾರ್ಹ. ಅಲ್ಲಿ ಶಿಲೆಯ ಜಾತಿಯ ಮಾತಿಲ್ಲ, ಕೋಣೆಯ ವಿಸ್ತಾರದ ಮಾತೂ ಇಲ್ಲ. ಮುಂದೆ ಈ ವ್ರತದ ಐದು ಅತಿಚಾರಗಳನ್ನು ಎಣಿಸುತ್ತಾರೆ. ಮನಸ್ಸು, ಮಾತು, ಕಾಯಗಳನ್ನು ಅಡ್ಡದಾರಿಗೆ ಹರಿಯಬಿಡುವುದು ಮೂರು, ಅನಾದರವು ನಾಲ್ಕನೆಯದು, ಅಸ್ಮರಣವು, ಎಂದರೆ ಮಾಡಬೇಕಾದುದನ್ನು ಮರೆಯುವುದು, ಐದನೆಯದು. ಇವೆಲ್ಲವೂ ಕುಳಿತವನ ದೋಷಗಳೇ ಹೊರತು ಸ್ಥಳದ ದೋಷಗಳಲ್ಲ.

ಈ ಅಳತೆಯಿಂದ ನೋಡಿದಾಗ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕೊನೆಯ ಎರಡು ದೋಷಗಳು. ದಿಗಂಬರ ಸಂಪ್ರದಾಯದಲ್ಲಿ ವಿಧಿಪೂರ್ವಕ ಪ್ರತಿಷ್ಠೆಗೊಂಡ ಬಿಂಬಕ್ಕೆ ನಿತ್ಯ ಅಭಿಷೇಕ ಪೂಜೆಗಳು ನಡೆಯಬೇಕು. ಗೃಹಪ್ರವೇಶದ ಉತ್ಸಾಹದಲ್ಲಿ ಅಂಥ ಬಿಂಬವನ್ನು ತರುವವರು, ಹತ್ತು ವರ್ಷಗಳ ಅನಂತರ ಅದರ ಮುಂದೆ ಯಾರು ನಿಲ್ಲುವರೆಂದು ಯೋಚಿಸುವುದು ಕಡಿಮೆ. ಮಕ್ಕಳು ಪರದೇಶಕ್ಕೆ ಹೋಗುತ್ತಾರೆ. ಹಿರಿಯರಿಗೆ ಬೆಳಗಿನ ಸ್ನಾನವೇ ಕಷ್ಟವಾಗುತ್ತದೆ. ಕಡೆಗೆ ಬಿಂಬವನ್ನು ಬಸದಿಗೆ ಒಪ್ಪಿಸಲು ಬರುತ್ತಾರೆ. ಒಪ್ಪಿಸುವುದು ತಪ್ಪಲ್ಲ, ಅಪೂಜಿತವಾಗಿ ಇಟ್ಟುಕೊಳ್ಳುವುದಕ್ಕಿಂತ ಅದು ಮೇಲು. ಆದರೆ ಆರಂಭದಲ್ಲಿಯೇ ಯೋಚಿಸಬೇಕಾಗಿದ್ದುದನ್ನು ಕೊನೆಯಲ್ಲಿ ಟ್ರಸ್ಟಿನ ಹೆಗಲಿಗೆ ಹಾಕಿದಂತಾಗುತ್ತದೆ. ಗುಜರಾತಿನ ಹಳೆಯ ಮನೆಗಳಲ್ಲಿದ್ದ ಕೆತ್ತನೆಯ ಮರದ ಘರ್ ದೇರಾಸರಗಳಲ್ಲಿ ಹಲವು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಅಲ್ಲಿ ಕೆತ್ತನೆಯನ್ನು ಮೆಚ್ಚುವವರಿದ್ದಾರೆ. ಕೈಮುಗಿಯುವ ಮನೆಮಂದಿ ಇಲ್ಲ.

ಹಾಗಾದರೆ ಮನೆಯಲ್ಲಿ ಬಿಂಬವೇ ಬೇಡವೆ ಎಂದು ಕೇಳಬಹುದು. ಚಂಚಲವಾದ ಚಿತ್ತಕ್ಕೆ ಆಲಂಬನ ಬೇಕೆಂಬುದನ್ನು ಅಲ್ಲಗಳೆಯಲಾಗದು. ಸಮಂತಭದ್ರರೇ ಅರ್ಹಂತರ ಪಾದಪೂಜೆಯ ಮಹಿಮೆಗೆ ರಾಜಗೃಹದ ಕಪ್ಪೆಯನ್ನು ಉದಾಹರಿಸಿದ್ದಾರೆ. ಆದರೆ ಆ ಕಪ್ಪೆಯ ಬಳಿ ಇದ್ದುದು ಒಂದು ಹೂವು ಮತ್ತು ಹೃದಯ ತುಂಬಿದ ಹರ್ಷ, ಅಷ್ಟೇ. ರತ್ನಾಕರವರ್ಣಿಯ ಭರತೇಶ ವೈಭವವೂ ಬೇರೆ ದಾರಿಯಿಂದ ಇದನ್ನೇ ಕಾಣಿಸುತ್ತದೆ. ಅಲ್ಲಿನ ಚಕ್ರವರ್ತಿಗೆ ವೈಭವದ ಕೊರತೆಯಿಲ್ಲ. ಆದರೂ ಕವಿ ಅವನನ್ನು ಮೆಚ್ಚುವುದು ಅರಮನೆಯ ನಡುವೆಯೇ ಕಣ್ಣು ಮುಚ್ಚಿ ಆತ್ಮನನ್ನು ನೋಡಬಲ್ಲವನೆಂದು. ವೈಭವವು ಧ್ಯಾನಕ್ಕೆ ಅಡ್ಡಿಯಾಗದಿರಬಹುದು; ಅದು ಧ್ಯಾನದ ಬದಲಿಗೆ ನಿಲ್ಲಲಾರದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು 1500 ಜಿನಬಿಂಬಗಳನ್ನು ಮಾಡಿಸಿದಳೆಂದು ನಾವು ಅಭಿಮಾನದಿಂದ ಹೇಳುತ್ತೇವೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದವಳೂ ಅವಳೇ. ಬಿಂಬವೂ ಗ್ರಂಥವೂ ಜೊತೆಯಾಗಿಯೇ ಧರ್ಮವನ್ನು ಉಳಿಸುತ್ತವೆಂದು ಆ ತಾಯಿ ತಿಳಿದಿದ್ದಳು. ದೇವ, ಶಾಸ್ತ್ರ, ಗುರು ಎಂದು ಮೂರನ್ನೂ ಒಟ್ಟಿಗೆ ವಂದಿಸುವ ನಾವು ಮನೆಯ ಮಂಟಪದಲ್ಲಿ ಶಾಸ್ತ್ರಕ್ಕೆ ಒಂದು ಹಲಗೆಯನ್ನಾದರೂ ಇಟ್ಟಿದ್ದೇವೆಯೆ?

ಅಹಿಂಸೆಯ ದೃಷ್ಟಿಯಿಂದಲೂ ಪರೀಕ್ಷೆ ನಡೆಯಬೇಕು. ಪೂಜೆಗೆ ಉಡುವ ರೇಷ್ಮೆಯು ಸಾಮಾನ್ಯವಾಗಿ ಗೂಡಿನೊಳಗಣ ಹುಳುವನ್ನು ಕೊಂದು ತೆಗೆದ ನೂಲಿನದು. ತೊಳೆದ ಹತ್ತಿಯ ಬಟ್ಟೆಯೇ ಮಡಿಗೆ ಸಾಕು. ತೆರೆದ ದೀಪಕ್ಕೆ ಮಳೆಗಾಲದ ಸಂಜೆ ಹುಳುಗಳು ಬೀಳುತ್ತವೆ. ಗಾಜಿನ ಮರೆ ಬೇಕು. ಅಭಿಷೇಕದ ನೀರನ್ನು ಆಗಲೇ ಸೋಸಿಕೊಳ್ಳಬೇಕು. ವೀತರಾಗನ ಸನ್ನಿಧಿಯಲ್ಲಿಯೇ ಜೀವಹಾನಿಯಾದರೆ ಆ ಸ್ಥಳವನ್ನು ಪವಿತ್ರವೆನ್ನುವುದು ಹೇಗೆ?

ಆದುದರಿಂದ ಗೃಹಸ್ಥರು ಮೊದಲು ಕಾಲವನ್ನು ನಿಶ್ಚಯಿಸಿ ಅನಂತರ ಕೋಣೆಯನ್ನು ನಿಶ್ಚಯಿಸುವುದು ಲೇಸು. ಒಂದು ಚಾಪೆ, ಒಂದು ವ್ಯಾಸಪೀಠ, ಓದುವ ಒಂದು ಗ್ರಂಥ, ದಿನಕ್ಕೆ 48 ನಿಮಿಷಗಳ ಒಂದು ಮುಹೂರ್ತ. ಇಷ್ಟನ್ನು ಒಂದು ವರ್ಷ ತಪ್ಪದೆ ನಡೆಸಿದ ಮನೆಯು ಬಿಂಬವನ್ನು ಬರಮಾಡಿಕೊಳ್ಳಲು ಸಿದ್ಧವಾಗಿದೆಯೆನ್ನಬಹುದು. ಬಸದಿಯ ಟ್ರಸ್ಟುಗಳೂ ಪ್ರತಿಷ್ಠೆಗೆ ಮುನ್ನ, ನಿತ್ಯಪೂಜೆಯ ಹೊಣೆ ಯಾರದು, ಅವರಿಲ್ಲದಾಗ ಯಾರದು ಎಂಬ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಉತ್ತರವಿಲ್ಲದ ಮನೆಗೆ ಬಿಂಬದ ಬದಲು ಶಾಸ್ತ್ರವನ್ನು ಕೊಟ್ಟು ಕಳುಹಿಸಿದರೆ ಅದು ನಿರಾಕರಣೆಯಾಗದು, ಉಪಕಾರವೇ ಆದೀತು.