ಗಯಟೆಯ ವೆನಿಸ್: ಒಂಟಿ ಯಾತ್ರಿಕನ ಒಂದು ದಿನ

ಗಯಟೆಯ ಹೆಸರು ಕನ್ನಡ ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ಶಾಕುಂತಲವನ್ನು ಜರ್ಮನ್ ಭಾಷಾಂತರದಲ್ಲಿ ಓದಿ ೧೭೯೧ರಲ್ಲಿ ಅವನು ಬರೆದ ನಾಲ್ಕು ಪಂಕ್ತಿಗಳ ಪ್ರಶಂಸೆಯನ್ನು ಕಾಳಿದಾಸನ ವಿಚಾರ ಬಂದಾಗಲೆಲ್ಲ ಉದಾಹರಿಸುವ ವಾಡಿಕೆಯುಂಟು. 'ಫೌಸ್ಟ್' ನಾಟಕದ ಕೀರ್ತಿಯೂ ಸಾಕಷ್ಟು ಹರಡಿದೆ. ಆದರೆ ಗದ್ಯಕಾರನಾದ ಗಯಟೆಯ ಕಡೆಗೆ, ಅದರಲ್ಲಿಯೂ ಅವನ 'ಇಟಲಿಯ ಪ್ರವಾಸ'ದ ಕಡೆಗೆ, ದೃಷ್ಟಿ ಹರಿಸಿದವರು ವಿರಳ. ಪ್ರವಾಸಕಥನವನ್ನು ಕಾವ್ಯನಾಟಕಗಳ ಪಂಕ್ತಿಯಿಂದ ಹೊರಗಿಡುವ ಅಭ್ಯಾಸವೇ ಇದಕ್ಕೆ ಕಾರಣವಿರಬಹುದು. ಆ ಅಭ್ಯಾಸಕ್ಕೆ ಆಧಾರವೇನೂ ಇಲ್ಲ. ಒಬ್ಬ ಮನುಷ್ಯನು ತನಗೆ ಗೊತ್ತಿಲ್ಲದ ಊರಿನಲ್ಲಿ ಒಂದು ದಿನ ಒಂಟಿಯಾಗಿ ಅಲೆದು ಕಂಡುದನ್ನು ಬರೆಯುವಾಗ, ಕಾಣುವ ಕಣ್ಣು ಯಾವುದು, ಕೇಳುವ ಕಿವಿ ಯಾರದು ಎಂಬ ಪ್ರಶ್ನೆಗಳು ಕಾವ್ಯದಲ್ಲಿರುವಷ್ಟೇ ಕಠಿನವಾಗಿ ಏಳುತ್ತವೆ. ಆ ಗ್ರಂಥದ ವೆನಿಸ್ ಭಾಗ, ಅದರಲ್ಲಿ ೧೭೮೬ನೆಯ ಸೆಪ್ಟೆಂಬರ್ ೩೦ರ ಬರೆಹ, ಈ ಪ್ರಶ್ನೆಗಳ ಪರಿಶೀಲನೆಗೆ ತಕ್ಕ ಕ್ಷೇತ್ರವಾಗಿದೆ.

ಗ್ರಂಥದ ಹುಟ್ಟನ್ನು ಮೊದಲು ತಿಳಿಯತಕ್ಕದ್ದು. ೧೭೮೬ನೆಯ ಸೆಪ್ಟೆಂಬರ್ ೩ರಂದು ಬೆಳಗಿನ ಜಾವ ಮೂರು ಗಂಟೆಗೆ ಗಯಟೆ ಕಾರ್ಲ್ಸ್‌ಬಾಡ್ ಎಂಬ ಊರಿನಿಂದ, ತಾನು ಹೋಗುವುದೆಲ್ಲಿಗೆಂಬುದನ್ನು ಆಪ್ತಸೇವಕನೊಬ್ಬನ ಹೊರತು ಯಾರಿಗೂ ತಿಳಿಸದೆ, ಹೊರಟುಬಿಟ್ಟನು. ಆಗ ಅವನಿಗೆ ೩೭ ವಯಸ್ಸು. ವೈಮಾರ್ ಸಂಸ್ಥಾನದ ಮಂತ್ರಿಪದವಿ. ಯೂರೋಪಿನಲ್ಲೆಲ್ಲ ಹಬ್ಬಿದ ಹೆಸರು. ಇವೆಲ್ಲವನ್ನೂ ಬಿಟ್ಟು, ಮೊಲ್ಲರ್ ಎಂಬ ಚಿತ್ರಕಾರನೆಂದು ಹೇಳಿಕೊಂಡು ಅವನು ಪ್ರಯಾಣಮಾಡಿದನು. ಸೆಪ್ಟೆಂಬರ್ ೨೮ರ ಸಂಜೆ ಬ್ರೆಂಟಾ ನದಿಯ ದೋಣಿಯಲ್ಲಿ ವೆನಿಸ್ಸಿಗೆ ಬಂದನು. ಅಕ್ಟೋಬರ್ ೧೪ರವರೆಗೆ ಅಲ್ಲಿದ್ದನು. ದಾರಿಯುದ್ದಕ್ಕೂ ಅವನು ಬರೆದಿಟ್ಟ ದಿನಚರಿ ವೈಮಾರಿನಲ್ಲಿದ್ದ ಷಾರ್ಲಟ್ ಫನ್ ಷ್ಟೈನ್ ಎಂಬ ಮಹಿಳೆಯನ್ನು ಉದ್ದೇಶಿಸಿದ್ದು. 'ಇಟಲಿಯ ಪ್ರವಾಸ'ವಾದರೋ ಅಚ್ಚಾದುದು ೧೮೧೬–೧೭ರಲ್ಲಿ, ಎಂದರೆ ಮೂವತ್ತು ವರ್ಷಗಳ ಮೇಲೆ, ಆತ್ಮಚರಿತ್ರೆಯ ಒಂದು ಭಾಗವಾಗಿ. ರೋಮಿನ ಎರಡನೆಯ ವಾಸದ ಕಥೆ ೧೮೨೯ಕ್ಕೆ ಬಂದಿತು. ಮೂಲ ದಿನಚರಿಯನ್ನು ೧೮೮೬ರಲ್ಲಿ ಎರಿಕ್ ಷ್ಮಿಟ್ ಎಂಬ ಪಂಡಿತನು ಸಂಪಾದಿಸಿ ಪ್ರಕಟಿಸಿದ ಮೇಲೆಯೇ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು.

ಇಲ್ಲಿಂದ ಒಂದು ಆಕ್ಷೇಪ ಹುಟ್ಟುತ್ತದೆ. ಅರುವತ್ತೇಳು ವಯಸ್ಸಿನ ವೃದ್ಧನು ಮೂವತ್ತೇಳರ ಪ್ರಾಯದವನ ಬಾಯಲ್ಲಿ ತನ್ನ ಮಾತನ್ನು ಇಟ್ಟಿದ್ದಾನೆ. ಆದುದರಿಂದ ಇದು ದಿನಚರಿಯ ವೇಷ ತೊಟ್ಟ ಸಿದ್ಧಾಂತಗ್ರಂಥ. ಇದರಲ್ಲಿ ಆ ದಿನದ ಬಿಸಿಲೂ ಇಲ್ಲ, ಬೆವರೂ ಇಲ್ಲ ಎಂಬುದು ಅದರ ಸಾರ. ರೋಮಿನ ಭಾಗಗಳ ವಿಷಯದಲ್ಲಿ ಈ ಮಾತಿಗೆ ಸ್ವಲ್ಪ ಬೆಲೆಯುಂಟು. ವೆನಿಸ್ಸಿನ ವಿಷಯದಲ್ಲಿ ಅದು ನಿಲ್ಲುವುದಿಲ್ಲ.

ಸೆಪ್ಟೆಂಬರ್ ೩೦ರ ಬರೆಹದ ವಿನ್ಯಾಸವೇ ಇದಕ್ಕೆ ಸಾಕ್ಷಿ. ಅದು ಬೆಳಗಿನಿಂದ ಸಂಜೆಗೆ ಕ್ರಮವಾಗಿ ಸಾಗುವುದಿಲ್ಲ. ಮೊದಲು ಬರುವುದು ಸಂಜೆಯ ಅಲೆದಾಟ: ಮಾರ್ಗದರ್ಶಕನಿಲ್ಲದೆ, ಯಾರನ್ನೂ ದಾರಿ ಕೇಳದೆ, ದಿಕ್ಕುಗಳ ಅಂದಾಜನ್ನು ಮಾತ್ರ ಹಿಡಿದು, ಊರಿನ ಕಟ್ಟಕಡೆಯ ಕೇರಿಗಳವರೆಗೆ ಹೋಗಿ ದಾರಿತಪ್ಪಿದುದು. ಸೇತುವೆಗಳಿಗೆಲ್ಲ ಮೆಟ್ಟಿಲುಗಳಿವೆ, ಅವುಗಳ ಕಮಾನಿನ ಕೆಳಗೆ ದೋಣಿಗಳು ಹಾಯುತ್ತವೆ. ಗಲ್ಲಿಗಳು ಒಂದರೊಳಗೊಂದು ಸಿಕ್ಕುಬಿದ್ದಿವೆ. ಒಂದೊಂದು ಕೇರಿಯ ಜನರ ನಡೆನುಡಿ ಒಂದೊಂದು ಬಗೆಯಾಗಿದೆ. ಇವನ್ನೆಲ್ಲ ಹೇಳಿ ಮುಗಿಸಿದ ಮೇಲೆ ನಡುಹಗಲಿನ ಸಂಗತಿ ಬರುತ್ತದೆ: ನಗರದ ನಕ್ಷೆಯನ್ನು ಸಂಪಾದಿಸಿ, ಅದನ್ನು ಒಂದಿಷ್ಟು ಅಭ್ಯಾಸಮಾಡಿ, ಸಂತ ಮಾರ್ಕನ ಗೋಪುರವನ್ನು ಹತ್ತಿದುದು. ಮೂವತ್ತು ವರ್ಷಗಳ ಬಳಿಕ ಹೊಸದಾಗಿ ಕಟ್ಟಿದ ಕಥೆಯಾಗಿದ್ದರೆ ಬರೆಹಗಾರನು ಸೂರ್ಯನ ಗತಿಯನ್ನು ಅನುಸರಿಸುತ್ತಿದ್ದನು. ಗೋಪುರವನ್ನು ಹತ್ತಿಸಿ ಊರಿನ ಪೂರ್ಣದರ್ಶನವನ್ನು ಮಾಡಿಸಿ, ಬಳಿಕ ಗಲ್ಲಿಗಳಿಗೆ ಇಳಿಸುತ್ತಿದ್ದನು. ಇಲ್ಲಿರುವುದು ಮನಸ್ಸಿಗೆ ಯಾವುದು ಮುಂದೆ ಬಂದಿತೋ ಅದನ್ನೇ ಮುಂದೆ ಬರೆದ ಲೇಖನಿಯ ಕ್ರಮ.

ಈ ಕ್ರಮದಲ್ಲಿ ಒಂದು ತತ್ತ್ವವೂ ಅಡಗಿದೆ. ವೆನಿಸ್ಸಿನ ವರ್ಣನೆಗಳನ್ನು ಗಯಟೆ ಮೊದಲೇ ಓದಿದ್ದನು. ಫೋಲ್ಕ್‌ಮನ್ ಎಂಬವನು ೧೭೭೦–೭೧ರಲ್ಲಿ ಪ್ರಕಟಿಸಿದ ಮೂರು ಸಂಪುಟಗಳ ಇಟಲಿಯ ಕೈಪಿಡಿ ಅವನ ಗಂಟಿನಲ್ಲಿತ್ತು. ಅವನ ತಂದೆ ೧೭೪೦ರಲ್ಲಿ ಇದೇ ಯಾತ್ರೆಯನ್ನು ಮಾಡಿ, ಅದನ್ನು ಇಟಾಲಿಯನ್ ಭಾಷೆಯಲ್ಲಿಯೇ ಬರೆದಿಟ್ಟಿದ್ದನು. ಅಲ್ಲಿಂದ ತಂದ ಗೊಂಡೊಲ ದೋಣಿಯ ಒಂದು ಸಣ್ಣ ಪ್ರತಿಕೃತಿ ಮನೆಯಲ್ಲಿತ್ತು. ಅದನ್ನು ಮುಟ್ಟಿ ಆಡಲು ಮಗನಿಗೆ ಅಪರೂಪವಾಗಿ ಅಪ್ಪಣೆ ದೊರೆಯುತ್ತಿತ್ತಂತೆ. ನಿಜವಾದ ಗೊಂಡೊಲ ಎದುರಾದಾಗ ಇಪ್ಪತ್ತು ವರ್ಷಗಳಿಂದ ಮರೆತಿದ್ದ ಆ ಆಟಿಕೆಯ ನೆನಪು ಅವನಿಗೆ ಬಂದುದು ಈ ಭಾಗದ ಅತ್ಯಂತ ಸಹಜವಾದ ಸ್ಥಳಗಳಲ್ಲೊಂದು. ತಂದೆ ೧೭೮೨ರಲ್ಲಿ ತೀರಿಕೊಂಡಿದ್ದನು. ಬರೆಹದಲ್ಲಿ ಶೋಕದ ಒಂದು ಮಾತೂ ಇಲ್ಲ. ದೋಣಿಯ ಹೊಳೆಯುವ ಮುಂಭಾಗವೂ ಕರಿಯ ಮೇಲುಹೊದಿಕೆಯೂ ಮಾತ್ರ ಇವೆ. ಇಷ್ಟೆಲ್ಲ ಪೂರ್ವಸಂಸ್ಕಾರವುಳ್ಳವನಿಗೆ ಊರು ಹೆಸರಾಗಿ ಮಾತ್ರ ಉಳಿಯುವ ಅಪಾಯವಿತ್ತು. ನಕ್ಷೆಗಿಂತ ಮೊದಲು ಕಾಲು ನಡೆಯಬೇಕು, ದಾರಿತಪ್ಪುವುದೇ ಊರನ್ನು ಇಂದ್ರಿಯಗಳಿಂದ ಅರಿಯುವ ಒಳ್ಳೆಯ ಮಾರ್ಗ ಎಂಬ ಅವನ ಹಟವು ಈ ಅಪಾಯಕ್ಕೆ ಅವನು ಕಂಡುಕೊಂಡ ಮದ್ದು.

ಗೋಪುರದ ಮೇಲಿನ ದೃಶ್ಯವನ್ನು ಅವನು ಬರೆದಿರುವ ಮಿತಭಾಷೆ ಗಮನಾರ್ಹ. ನಡುಹಗಲು, ಚೊಕ್ಕ ಬಿಸಿಲು, ದುರ್ಬೀನಿನ ಅಗತ್ಯವಿಲ್ಲ, ಭರತದ ನೀರು ಹಿನ್ನೀರನ್ನೆಲ್ಲ ಮುಚ್ಚಿದೆ, ಲೀಡೊ ಎಂಬ ಮರಳಿನ ಪಟ್ಟಿಯಾಚೆ ಕಣ್ಣು ಹೊರಳಿದಾಗ ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಕಡಲನ್ನು ಕಾಣುತ್ತಾನೆ, ಅದರ ಮೇಲೆ ಕೆಲವು ಹಾಯಿಗಳನ್ನು ಕಾಣುತ್ತಾನೆ. ಅಷ್ಟೆ. ಮೊದಲ ಸಮುದ್ರದರ್ಶನವೆಂದರೆ ಉತ್ಪ್ರೇಕ್ಷೆಗಳ ಮಾಲೆಯನ್ನೇ ಪೋಣಿಸುವುದು ಕವಿಗಳ ರೂಢಿ. ಪಂಪನಿಂದ ಮೊದಲುಗೊಂಡು ನಮ್ಮ ಚಂಪೂಕವಿಗಳ ಅಷ್ಟಾದಶವರ್ಣನೆಗಳಲ್ಲಿ ಸಮುದ್ರಕ್ಕೆ ಮೀಸಲಾದ ಸ್ಥಾನವಿದೆಯಷ್ಟೆ. ಗಯಟೆ ಆ ಕ್ಷಣದಲ್ಲಿ ಉಪಮೆಯೊಂದನ್ನೂ ಹುಡುಕುವುದಿಲ್ಲ. ಅನುಕೂಲಗಾಳಿಯಿಲ್ಲದೆ ಲಂಗರು ಹಾಕಿ ನಿಂತ ಯುದ್ಧನೌಕೆಗಳತ್ತ ನೋಡಿ, ಅವು ಆಲ್ಜಿಯರ್ಸಿನವರ ಮೇಲೆ ಕಾದುತ್ತಿರುವ ಎಮೊ ಎಂಬ ನೌಕಾಪತಿಯನ್ನು ಕೂಡತಕ್ಕವು ಎಂದು ಗುರುತುಹಾಕುತ್ತಾನೆ. (ಎಮೊವಿನ ಯುದ್ಧ ವಸ್ತುತಃ ಟ್ಯೂನಿಸಿನ ಮೇಲೆ. ಬಂದರಿನಲ್ಲಿ ಕಿವಿಗೆ ಬಿದ್ದ ಮಾತನ್ನು ಅವನು ಹಾಗೆಯೇ ಬರೆದುಕೊಂಡಿರಬೇಕು. ಮೂವತ್ತು ವರ್ಷಗಳ ಮೇಲೂ ಅದು ತಿದ್ದದೆ ಉಳಿದಿದೆ.) ಕೊನೆಗೆ ವಾಯವ್ಯದಲ್ಲಿ ಪಡುವಾ, ವಿಚೆನ್ಸಾ ಸೀಮೆಯ ಗುಡ್ಡಗಳೂ ಟಿರೋಲ್ ಪರ್ವತಗಳೂ ಚಿತ್ರವನ್ನು ಮುಚ್ಚುತ್ತವೆ. ಅವನು ದಾಟಿಬಂದ ಪರ್ವತಗಳೇ ಅವು. ಆ ಮಾತನ್ನು ಮಾತ್ರ ಅವನು ಆಡುವುದಿಲ್ಲ.

ಇನ್ನು ಏಕಾಂತದ ವಿಚಾರ. ಬಯಸಿದ ಒಂಟಿತನ ವೆನಿಸ್ಸಿನಲ್ಲಿ ತನಗೆ ಕೈಗೂಡಿತೆಂದೂ, ಗುರುತಿಲ್ಲದವನು ಜನಸಂದಣಿಯಲ್ಲಿ ನುಗ್ಗಿ ನಡೆಯುವಾಗ ಇರುವಷ್ಟು ಒಂಟಿತನ ಬೇರೆಲ್ಲಿಯೂ ಇಲ್ಲವೆಂದೂ ಗಯಟೆ ಅಭಿಪ್ರಾಯಪಡುತ್ತಾನೆ. ಗ್ರಂಥವನ್ನು ಮಾತ್ರ ಓದಿದವರಿಗೆ ಇದು ತೃಪ್ತನಾದ ಏಕಾಂತಪ್ರಿಯನ ಮಾತಾಗಿ ಕೇಳಿಸುತ್ತದೆ. ದಿನಚರಿಯನ್ನು ಓದಿದವರಿಗೆ ಹಾಗೆ ಕೇಳಿಸಲಾರದು; ಅಲ್ಲಿ ಪುಟಪುಟದಲ್ಲಿಯೂ ಒಬ್ಬ ಶ್ರೋತೃ ಇದ್ದಾಳೆ. ವೆನಿಸ್ಸನ್ನು ಬಿಡುವ ದಿನ ಗಯಟೆ ಆಕೆಗೆ ಒಂದು ಸೂಚನೆಯನ್ನು ಬರೆಯುತ್ತಾನೆ: ಈ ದಿನಚರಿಯನ್ನು ಸ್ವಲ್ಪಸ್ವಲ್ಪವಾಗಿ ಪ್ರತಿಮಾಡಬೇಕು, ಆಗ ಆತ್ಮೀಯವಾದ 'ನೀನು' ಎಂಬುದನ್ನು ಮರ್ಯಾದೆಯ 'ನೀವು' ಎಂದು ಬದಲಾಯಿಸಬೇಕು, ಆಕೆಗೊಬ್ಬಳಿಗೇ ಸಂಬಂಧಪಟ್ಟುದನ್ನು ಬಿಟ್ಟುಬಿಡಬೇಕು. ಏಕವಚನ ಬಹುವಚನಗಳ ಈ ಭೇದ ಇಂಗ್ಲಿಷ್ ಭಾಷಾಂತರದಲ್ಲಿ ಮಾಯವಾಗುತ್ತದೆ. ಕನ್ನಡದಲ್ಲಿ ಓದುವವನಿಗೆ ಅದರ ತೂಕ ಥಟ್ಟನೆ ತಿಳಿಯುತ್ತದೆ. ಒಂದು ಸರ್ವನಾಮವನ್ನು ತಿದ್ದಿದರೆ ಪ್ರೇಮಪತ್ರವು ಪ್ರವಾಸಕಥನವಾಗುತ್ತದೆಂಬುದು ಅವನಿಗೆ ಆಗಲೇ ಗೊತ್ತಿತ್ತು. ಆದುದರಿಂದ ೧೮೧೬ರ ಗ್ರಂಥ ದಿನಚರಿಗೆ ಬಗೆದ ದ್ರೋಹವಲ್ಲ. ೧೭೮೬ರಲ್ಲಿಯೇ ಸಂಕಲ್ಪಿಸಿದ ತಿದ್ದುಪಡಿಯ ಪೂರ್ಣರೂಪ.

ಆದರೆ ತಿದ್ದುಪಡಿಯಿಂದ ಹೋದುದೂ ಉಂಟು. ಕಾಳಿದಾಸನ ಯಕ್ಷನು ಮೇಘಕ್ಕೆ ದಾರಿ ಹೇಳುವಾಗ, ಸುತ್ತಾದರೂ ಸರಿ, ಉಜ್ಜಯಿನಿಯನ್ನು ನೋಡಿಯೇ ಹೋಗು, ಸೂರ್ಯಾಸ್ತದವರೆಗೆ ಮಹಾಕಾಲನ ಗುಡಿಯಲ್ಲಿ ಕಾದಿರು ಎಂದು ವಿಧಿಸುತ್ತಾನೆ. ಆ ನಗರವರ್ಣನೆಯ ಒಂದೊಂದು ಮಾಳಿಗೆಗೂ ಕಾಂತಿ ಬಂದಿರುವುದು ಅಲಕೆಯಲ್ಲಿ ಕಾದಿರುವ ಒಬ್ಬಳಿಂದ. ಆಕೆಯನ್ನು ತೆಗೆದುಬಿಟ್ಟರೆ ಪೂರ್ವಮೇಘವು ಸೊಗಸಾದ ಭೂಗೋಳವಾಗಿ ಉಳಿದೀತು. ಇದು ಸಾದೃಶ್ಯ ಮಾತ್ರ. ಗಯಟೆಗೆ ಮೇಘದೂತ ತಿಳಿದುದು ಬಹುಕಾಲದ ಮೇಲೆ, ೧೮೧೩ರ ವಿಲ್ಸನ್ನನ ಭಾಷಾಂತರದಿಂದ. ಆದರೂ ದಿನಚರಿಗೂ ಗ್ರಂಥಕ್ಕೂ ಇರುವ ಅಂತರವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕುವುದು ಕಷ್ಟ. ಯಕ್ಷನ ಕಾಂತೆ ಕಾದಿದ್ದಳು. ಷಾರ್ಲಟ್ ತನಗೆ ಹೇಳದೆ ಹೋದವನ ಮೇಲೆ ಮುನಿದಿದ್ದಳು. ದಿನಚರಿ ಆಕೆಯ ಕೈಸೇರಿದುದು ತಡವಾಗಿ. ಮುಂದೆ ಸ್ನೇಹ ಮುರಿದ ಮೇಲೆ ತನ್ನ ಪತ್ರಗಳನ್ನು ಆಕೆ ಹಿಂದಕ್ಕೆ ಪಡೆದು ನಾಶಮಾಡಿದಳು. ಹೀಗೆ ಈ ಸಂವಾದದಲ್ಲಿ ಉಳಿದಿರುವುದು ಒಂದೇ ದನಿ. ಗ್ರಂಥದ ಓದುಗನು ಕುಳಿತಿರುವುದು ಆಕೆ ಬಿಟ್ಟೆದ್ದ ಸ್ಥಾನದಲ್ಲಿ.

ಅವನು ಕಾಣದೆ ಬಿಟ್ಟುದರ ವಿಷಯವಾಗಿ ಟೀಕಾಕಾರರು ಬಹಳ ಬರೆದಿದ್ದಾರೆ. ಇಲ್ಲಿ ಎರಡು ಮಾತು ಸಾಕು. ಪಡುವಾದಲ್ಲಿ ಕೊಂಡ ಪಲ್ಲಾಡಿಯೊವಿನ ವಾಸ್ತುಗ್ರಂಥ ಅವನ ಕಣ್ಣಿಗೆ ಕನ್ನಡಕವಾಗಿತ್ತು. ಆ ಶಿಲ್ಪಿ ಅರ್ಧಕ್ಕೆ ನಿಲ್ಲಿಸಿದ ಕರಿತಾ ಮಠದ ಮುಂದೆ ಅವನು ಮೈಮರೆಯುತ್ತಾನೆ (ಈಗ ಆ ಆವರಣದಲ್ಲಿ ಅಕಾಡೆಮಿಯ ಚಿತ್ರಶಾಲೆಯಿದೆ). ಫರ್ಸೆಟ್ಟಿಯವರ ಮನೆಯಲ್ಲಿ ರೋಮಿನ ದೇವಾಲಯವೊಂದರ ಭಾಗದ ಅಚ್ಚನ್ನು ಕಂಡು, ತನ್ನ ದೇಶದ ಗಾಥಿಕ್ ಕಂಬಗಳನ್ನು ಹೊಗೆಬತ್ತಿಯ ಕೊಳವೆಗಳಿಗೆ ಹೋಲಿಸಿ ಹಳಿಯುತ್ತಾನೆ. ಅರುವತ್ತೈದು ವರ್ಷಗಳ ಮೇಲೆ ರಸ್ಕಿನ್ ಇದೇ ಊರಿಗೆ ಬಂದು 'ವೆನಿಸ್ಸಿನ ಶಿಲೆಗಳು' ಎಂಬ ಗ್ರಂಥದಲ್ಲಿ (೧೮೫೧–೫೩) ಗಾಥಿಕ್ಕನ್ನು ಪೂಜಿಸಿ ಪಲ್ಲಾಡಿಯೊವನ್ನು ನಿಂದಿಸಿದನು. ಊರು ಒಂದೇ, ಕಲ್ಲು ಒಂದೇ. ಇಬ್ಬರಲ್ಲಿ ಪಕ್ಷಪಾತ ಸಮಾನ. ರಸ್ಕಿನ್ನನ ಶೈಲಿ ಭವ್ಯ. ಆದರೆ ಗಲ್ಲಿಯಲ್ಲಿ ಬದುಕುವ ಮನುಷ್ಯನು ಕಾಣಸಿಗುವುದು ಗಯಟೆಯಲ್ಲಿ ಹೆಚ್ಚು. ಮಾರನೆಯ ದಿನ, ಅಕ್ಟೋಬರ್ ೧, ಭಾನುವಾರ, ಬೀದಿಗಳ ಕೊಳಕನ್ನು ನೋಡಿ ಅವನು ಏನು ಮಾಡಿದನೆಂದರೆ, ನಡೆಯುತ್ತ ನಡೆಯುತ್ತಲೇ ಮನಸ್ಸಿನಲ್ಲಿ ಒಂದು ನೈರ್ಮಲ್ಯದ ನಿಬಂಧನೆಯನ್ನು ರಚಿಸಿದನು! ಮಂತ್ರಿಪದವಿಯಿಂದ ಓಡಿಬಂದ ಚಿತ್ರಕಾರ ಮೊಲ್ಲರನ ವೇಷ ಇಲ್ಲಿ ಕಳಚಿಬೀಳುತ್ತದೆ. ಗಯಟೆ ತಾನೇ ಇದನ್ನು ನಗುತ್ತ ಹೇಳಿಕೊಂಡಿರುವುದರಿಂದ ವಿಮರ್ಶಕನು ಮತ್ತೆ ನಗಬೇಕಾದುದಿಲ್ಲ.

ಗೋಪುರದ ದೃಶ್ಯಕ್ಕೆ ಒಂದು ಉತ್ತರಭಾಗವಿದೆ. ಅಕ್ಟೋಬರ್ ೯ರಂದು ಅವನು ಮತ್ತೆ ಅದೇ ಗೋಪುರವನ್ನು ಹತ್ತಿದನು. ಈ ಸಲ ಇಳಿತದ ಹೊತ್ತು. ಭರತದಲ್ಲಿ ವೈಭವದಿಂದಿದ್ದ ನೀರು ಹಿಮ್ಮೆಟ್ಟಿ ಎಲ್ಲೆಲ್ಲೂ ನೆಲ ಕಾಣುತ್ತಿತ್ತು. ಎರಡು ಚಿತ್ರಗಳನ್ನೂ ಜೋಡಿಸಿಕೊಳ್ಳದೆ ಈ ಊರಿನ ಸರಿಯಾದ ಕಲ್ಪನೆ ಬಾರದೆಂಬುದು ಅವನ ಅಭಿಪ್ರಾಯ. ಅದೇ ದಿನದ ಬರೆಹದಲ್ಲಿ ಕಡಲದಂಡೆಯ ಶಂಖಜೀವಿಗಳನ್ನೂ ಏಡಿಗಳನ್ನೂ ಬಹಳ ಹೊತ್ತು ನಿಂತು ನೋಡಿದ ಸಂಗತಿಯಿದೆ. ಬದುಕಿರುವ ವಸ್ತುವಿನ ಚೆಲುವಿಗೆ ಅವನು ಉದ್ಗಾರವೆತ್ತುವುದು ಇಲ್ಲಿಯೇ. ಕಡಲಿನ ಮೊದಲ ದರ್ಶನದಲ್ಲಿ ತಡೆದ ಮಾತು ಒಂದು ಏಡಿಯ ಮುಂದೆ ಹೊರಬಿದ್ದಿತು. ಇದನ್ನು ಮೂವತ್ತು ವರ್ಷಗಳ ಮೇಲಿನ ಸಿದ್ಧಾಂತವೆನ್ನುವುದು ಹೇಗೆ?

ಗಯಟೆ ೧೭೯೦ರ ವಸಂತದಲ್ಲಿ ಮತ್ತೊಮ್ಮೆ ವೆನಿಸ್ಸಿಗೆ ಬಂದನು. ಆಗ ಅವನು ಅಜ್ಞಾತನಲ್ಲ. ರೋಮಿನಿಂದ ಹಿಂದಿರುಗುತ್ತಿದ್ದ ರಾಜಮಾತೆ ಅನ್ನಾ ಅಮಾಲಿಯಳನ್ನು ಎದುರುಗೊಳ್ಳಲು ಬಂದ ಅಧಿಕಾರಿ. ವಾರಗಟ್ಟಳೆ ಕಾಯಬೇಕಾಯಿತು. ಆ ಬೇಸರದಲ್ಲಿ ಬರೆದ ಕಿರುಪದ್ಯಗಳಲ್ಲಿ ಕೊಳಕೂ ವಂಚನೆಯೂ ತುಂಬಿವೆ. ನಾಲ್ಕು ವರ್ಷಗಳ ಹಿಂದೆ ನಗಿಸಿದ ಬೀದಿಯೇ ಈಗ ಸಿಡುಕನ್ನು ತರಿಸಿತು. ಇಟಲಿಯ ಮೇಲಿನ ತನ್ನ ಒಲವಿಗೆ ಈ ಯಾತ್ರೆಯಿಂದ ಮರಣಪ್ರಾಯವಾದ ಪೆಟ್ಟು ಬಿದ್ದಿತೆಂದು ಅವನು ತನ್ನ ಪ್ರಭುವಿಗೆ ಬರೆದನು. ಆ ನಗರದ ಗಣರಾಜ್ಯ ೧೭೯೭ರಲ್ಲಿ ನೆಪೋಲಿಯನ್ನನ ಕೈಯಲ್ಲಿ ಅಳಿಯಿತು. ಅವನು ಎರಡು ಸಲ ಹತ್ತಿದ ಗೋಪುರ ೧೯೦೨ನೆಯ ಜುಲೈ ೧೪ರಂದು ಕುಸಿದುಬಿದ್ದಿತು. ಈಗ ಯಾತ್ರಿಕರು ಹತ್ತುವುದು ಅದೇ ಸ್ಥಳದಲ್ಲಿ ಅದೇ ಆಕಾರದಲ್ಲಿ ಕಟ್ಟಿ ೧೯೧೨ರಲ್ಲಿ ಮುಗಿಸಿದ ಹೊಸ ಗೋಪುರವನ್ನು.