ಮುಪ್ಪು ಕಾಣದ ಮುಖ

ಕೊಂಡಾಪುರ ಎಂದರೆ ಹೈದರಾಬಾದಿಗೆ ಹೋಗಿ ನೆಲೆಸಿದ ನಮ್ಮ ಸಾಫ್ಟ್‌ವೇರ್ ಹುಡುಗರ ಕಣ್ಣಿಗೆ ಬರುವುದು ಫ್ಲ್ಯಾಟು, ಟ್ರಾಫಿಕ್ಕು. ನಾಣ್ಯದ ಹುಚ್ಚಿನವರ ಕೊಂಡಾಪುರ ಬೇರೆ, ಅದು ಸಂಗಾರೆಡ್ಡಿಯ ಆಚೆಗಿದೆ. ಅಲ್ಲಿನ ದಿಬ್ಬವನ್ನು 1940ರ ಸುಮಾರಿಗೆ ನಿಜಾಮರ ಪುರಾತತ್ವ ಇಲಾಖೆಯ ಗುಲಾಂ ಯಜ್ದಾನಿ ಅಗೆಸಿದಾಗ ಶಾತವಾಹನರ ಊರೊಂದು ಮೇಲೆದ್ದಿತು. ಸಿಕ್ಕ ನಾಣ್ಯಗಳೇ ಸುಮಾರು 2000. ಸೀಸ, ತಾಮ್ರ, ಮಿಶ್ರಲೋಹಗಳ ಆ ರಾಶಿಯಲ್ಲಿ ರೋಮಿನ ಅಗಸ್ಟಸನ ಒಂದು ಚಿನ್ನದ ನಾಣ್ಯ!

ಔರಿಯಸ್ ಎಂಬ ಈ ಚಿನ್ನದ ನಾಣ್ಯ ಎಂಟು ಗ್ರಾಂಗೆ ತುಸು ಕಡಿಮೆ ತೂಗುತ್ತಿತ್ತು. ಒಂದಕ್ಕೆ 25 ಬೆಳ್ಳಿ ದಿನಾರಿಯಸ್. ಅಷ್ಟು ದೊಡ್ಡ ದುಡ್ಡಿಗೆ ಸೀಸದ ಕಾಸಿನ ಸಂತೆಯಲ್ಲಿ ಚಿಲ್ಲರೆ ಕೊಡುವವರು ಯಾರು? ಅದು ವರ್ತಕರ ಗಂಟಿನ ಚಿನ್ನ.

ಅಗಸ್ಟಸ್ ಹುಟ್ಟಿದ್ದು ಕ್ರಿ.ಪೂ. 63ರಲ್ಲಿ, ಸತ್ತದ್ದು ಕ್ರಿ.ಶ. 14ರಲ್ಲಿ. ಎಪ್ಪತ್ತೈದು ದಾಟಿದರೂ ಅವನ ನಾಣ್ಯದ ಕೆನ್ನೆಯ ಮೇಲೆ ಒಂದು ಸುಕ್ಕಿಲ್ಲ. ಭಾರತದಲ್ಲಿ ಹೆಚ್ಚು ಸಿಗುವ ಅವನ ನಾಣ್ಯದ ಹಿಂಬದಿಯಲ್ಲಿ ದತ್ತುಮಕ್ಕಳಾದ ಗಾಯಸ್, ಲೂಸಿಯಸ್ ಗುರಾಣಿ ಹಿಡಿದು ನಿಂತಿದ್ದಾರೆ. ಕ್ರಿ.ಶ. 4ರ ಹೊತ್ತಿಗೆ ಆ ಇಬ್ಬರೂ ಇರಲಿಲ್ಲ. ಪಟ್ಟಕ್ಕೆ ಬಂದವನು ಟೈಬೀರಿಯಸ್. ಮುಂದೆ ಬಂದ ಚಕ್ರವರ್ತಿ ನೀರೋನನ್ನು ನೋಡಿ, ತನ್ನ ಕೊಬ್ಬಿದ ಕತ್ತನ್ನು ಮುಚ್ಚಿಡದೆ ಅಚ್ಚು ಹಾಕಿಸಿದ, ಆದರೆ ಕ್ರಿ.ಶ. 64ರಲ್ಲಿ ನಾಣ್ಯದ ತೂಕಕ್ಕೇ ಕತ್ತರಿ ಹಾಕಿದ. ಮುಖದಲ್ಲಿ ಸುಳ್ಳಾಡಿದ ಅಗಸ್ಟಸ್ ತೂಕದಲ್ಲಿ ಆಡಿರಲಿಲ್ಲ. ತಕ್ಕಡಿಯನ್ನು ನಂಬುವ ನಮ್ಮ ವರ್ತಕರಿಗೆ ಬೇಕಾದದ್ದೂ ಅದೇ. ಯಶವಂತಪುರದ ನಿಧಿಯಲ್ಲೂ ಚಂದ್ರವಳ್ಳಿಯ ನೆಲದಲ್ಲೂ ಸಿಕ್ಕ ಬೆಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸರೇ ಮುಂದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಇಲ್ಲಿಗೆ ಬಂದ ರೋಮನ್ ಚಿನ್ನದಲ್ಲಿ ಹಲವಕ್ಕೆ ತಲೆಯ ಮೇಲೆ ತೂತು ಕೊರೆದು, ಕಾಸಿನ ಸರದ ಹಾಗೆ ಕೊರಳಿಗೆ ಏರಿಸಿದ್ದಾರೆ. ಚಿನ್ನ ಕೊಳ್ಳಲಾಗದವರು? ಅವರಿಗಾಗಿ ರೋಮನ್ ನಾಣ್ಯ ನೋಡಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಮಾಡಿದರು. ಕೊಂಡಾಪುರದಲ್ಲಿ ಅವೂ ಸಿಕ್ಕಿವೆ. ಇಂಥ ನಕಲುಗಳಲ್ಲಿ ಲ್ಯಾಟಿನ್ ಅಕ್ಷರಗಳು ಎಷ್ಟೋ ಸಲ ಬರೀ ಗೀಟು, ಚುಕ್ಕಿ. ಮಾಡಿದವನಿಗೆ ಅವು ಅಂಚಿನ ಚಿತ್ತಾರ. ಔರಿಯಸ್ಸನ್ನು ಲಂಡನ್ನಿನ ಹರಾಜಿನಲ್ಲಿ ದುಡ್ಡಿದ್ದರೆ ಕೊಳ್ಳಬಹುದು. ನನಗೆ ಆಸೆಯಿರುವುದು ಈ ದಖ್ಖನಿ ಮಣ್ಣಿನ ಚಕ್ರವರ್ತಿಯನ್ನು ಭೂತಗನ್ನಡಿ ಹಿಡಿದು ಒಂದು ತಾಸು ನೋಡಲು.